58ಕ್ಕೆ ಪಿಂಚಣಿ, 60ಕ್ಕೆ ನಿವೃತ್ತಿ

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ನಿವೃತ್ತಿ ವಯಸ್ಸು 60. ಆದ್ದರಿಂದ ಪಿಎಫ್ ಪಿಂಚಣಿಯೂ 60ಕ್ಕೇ ಶುರುವಾಗುತ್ತದೆ ಎಂದು ಘಟಕದಲ್ಲಿ ಬಹುತೇಕ ಎಲ್ಲರೂ ನಂಬಿದ್ದರು. ಎಚ್‌ಆರ್ ವಿಭಾಗದವರ ಬಾಯಲ್ಲೂ ಅದೇ ಮಾತು. ನನಗೆ 57 ತುಂಬಿದ ವರ್ಷ ಕುಳಿತು ನಿಯಮಗಳನ್ನು ಓದತೊಡಗಿದಾಗ ತಿಳಿದದ್ದು, ಕೆಲಸ ಬಿಡುವ ವಯಸ್ಸು ಒಂದು, ಪಿಂಚಣಿ ಶುರುವಾಗುವ ವಯಸ್ಸು ಇನ್ನೊಂದು, ಇವೆರಡನ್ನೂ ನಾವು ಬೇರೆ ಬೇರೆಯಾಗಿಯೇ ತೀರ್ಮಾನಿಸಬೇಕು ಎಂಬುದು. ಸ್ಟೋರ್ಸ್ ವಿಭಾಗದಲ್ಲಿ ಅಷ್ಟು ವರ್ಷ ದುಡಿದರೂ ಈ ಮಾತನ್ನು ಯಾರೂ ನಮಗೆ ಹೇಳಿರಲಿಲ್ಲ. ಗೊತ್ತಿಲ್ಲದೆ ಎರಡು ವರ್ಷದ ಪಿಂಚಣಿಯನ್ನು ಕೈಬಿಟ್ಟವರು ನನ್ನ ಕಣ್ಣೆದುರಿಗೇ ಇದ್ದಾರೆ. ಹಾಗಾಗಿ ನಾನು ಹಾದುಬಂದ ದಾರಿಯನ್ನು ವಿವರವಾಗಿ ಬರೆಯುತ್ತಿದ್ದೇನೆ.

ಖಾಸಗಿ ಕಾರ್ಖಾನೆ, ಕಂಪನಿಗಳಲ್ಲಿ ದುಡಿಯುವ ನಮ್ಮಂಥವರಿಗೆ ಅನ್ವಯಿಸುವುದು 1995ರ ನೌಕರರ ಪಿಂಚಣಿ ಯೋಜನೆ. ಎಲ್ಲರೂ ಇಪಿಎಸ್ ಎನ್ನುತ್ತಾರೆ. ಅದು ಜಾರಿಗೆ ಬಂದದ್ದು 1995ರ ನವೆಂಬರ್ 16ರಂದು. ಆ ಯೋಜನೆಗೆ ತನ್ನದೇ ಆದ ವಯಸ್ಸು ಇದೆ, ಅದು 58. ನಮ್ಮ ಕಾರ್ಖಾನೆಯ ನಿವೃತ್ತಿ ವಯಸ್ಸೂ ಮೊದಲು 58 ಆಗಿದ್ದಾಗ ಗೊಂದಲಕ್ಕೆ ಆಸ್ಪದವಿರಲಿಲ್ಲ. 2017ರಲ್ಲಿ ಕರ್ನಾಟಕ ಸರ್ಕಾರ ಕಾರ್ಖಾನೆಗಳಲ್ಲಿ ಕೆಲಸದ ಷರತ್ತುಗಳನ್ನು ಗೊತ್ತುಪಡಿಸುವ ಸ್ಥಾಯಿ ಆದೇಶಗಳ ನಿಯಮಕ್ಕೆ ತಿದ್ದುಪಡಿ ತಂದು ಖಾಸಗಿ ಕಾರ್ಮಿಕರ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿತು. ಅದು ಕಾರ್ಮಿಕರಿಗೆ ಒಳ್ಳೆಯದೇ ಆಯಿತು. ಆದರೆ ಕೇಂದ್ರದ ಪಿಂಚಣಿ ಯೋಜನೆಯ ವಯಸ್ಸು ಅದರ ಜೊತೆಗೆ ಏರಲಿಲ್ಲ. ನಡುವೆ ಉಳಿದ ಆ ಎರಡು ವರ್ಷಗಳಲ್ಲಿ ಏನು ಮಾಡಬೇಕು ಎಂಬುದೇ ನನ್ನ ಮುಂದಿದ್ದ ಪ್ರಶ್ನೆ.

ಆಯ್ಕೆಗಳು ಮೂರು ಬಗೆಯವು. ಕನಿಷ್ಠ ಹತ್ತು ವರ್ಷ ಸೇವೆ ಇದ್ದು, ಕೆಲಸ ಬಿಟ್ಟಿದ್ದರೆ 50 ತುಂಬಿದ ಮೇಲೆ ಯಾವಾಗ ಬೇಕಾದರೂ ಪಿಂಚಣಿ ಕೇಳಬಹುದು. ಆದರೆ 58ಕ್ಕೆ ಎಷ್ಟು ವರ್ಷ ಕಡಿಮೆ ಇದೆಯೋ ಅಷ್ಟು ವರ್ಷಕ್ಕೆ, ವರ್ಷಕ್ಕೆ ಶೇ 4ರಂತೆ ಕಡಿತವಾಗುತ್ತದೆ. 58 ತುಂಬಿದರೆ ಪೂರ್ತಿ ಪಿಂಚಣಿ, ಕೆಲಸದಲ್ಲಿ ಮುಂದುವರಿದಿದ್ದರೂ ಸರಿಯೇ. ಮೂರನೆಯದು 2016ರಲ್ಲಿ ಬಂದದ್ದು: 58ರ ನಂತರವೂ ಕಾಯಲು ಸಿದ್ಧರಿದ್ದರೆ 60ರವರೆಗೆ ಮುಂದೂಡಬಹುದು. ಒಂದು ವರ್ಷ ಕಾದರೆ ಶೇ 4, ಎರಡು ವರ್ಷ ಕಾದರೆ ಶೇ 8.16ರಷ್ಟು ಹೆಚ್ಚಳ. ಮುಂದೂಡುವುದರಲ್ಲಿಯೂ ಎರಡು ದಾರಿಗಳಿವೆ. ಆ ಅವಧಿಯಲ್ಲಿ ಪಿಂಚಣಿ ನಿಧಿಗೆ ವಂತಿಗೆ ಕಟ್ಟುತ್ತಾ ಕಾಯಬಹುದು, ಕಟ್ಟದೆಯೂ ಕಾಯಬಹುದು. ಕಟ್ಟಿದರೆ ಆ ವರ್ಷಗಳು ಸೇವೆಯ ಲೆಕ್ಕಕ್ಕೆ ಸೇರುತ್ತವೆ.

ಶೇ 4 ಎಂಬುದು ಕೇಳಲು ಚೆನ್ನಾಗಿದೆ. ನಮ್ಮ ಘಟಕದ ಹಿರಿಯರೊಬ್ಬರು ಅದನ್ನು ಬ್ಯಾಂಕ್ ಬಡ್ಡಿಯಂತೆ ಭಾವಿಸಿದ್ದರು. ಪಾಸ್‌ಬುಕ್‌ನ ಪಿಂಚಣಿ ಕಾಲಂನಲ್ಲಿ ತಿಂಗಳಿಗೆ 1,250 ರೂಪಾಯಿ ಸೇರುವುದನ್ನು ನೋಡಿ, ಅದು ತಮ್ಮ ಹೆಸರಿನಲ್ಲಿ ಬೆಳೆಯುತ್ತಿರುವ ಗಂಟು ಎಂದುಕೊಂಡವರು ಬಹಳ ಮಂದಿ. ಅದು ಹಾಗಲ್ಲ. ಮಾಲೀಕರ ಪಾಲಿನ ಶೇ 12ರಲ್ಲಿ ಶೇ 8.33 ಪಿಂಚಣಿ ನಿಧಿಗೆ ಹೋಗುತ್ತದೆ. ಅದಕ್ಕೆ ಕೇಂದ್ರ ಸರ್ಕಾರ ಶೇ 1.16 ಸೇರಿಸುತ್ತದೆ, ಎಲ್ಲವೂ ಒಂದೇ ಸಾಮಾನ್ಯ ನಿಧಿಯಲ್ಲಿ ಬೆರೆಯುತ್ತದೆ. ನಮ್ಮ ಹೆಸರಿನಲ್ಲಿ ಬಡ್ಡಿ ಸೇರುವುದು ಭವಿಷ್ಯ ನಿಧಿಯ, ಅಂದರೆ ಪಿಎಫ್‌ನ, ಕಾಲಂಗೆ ಮಾತ್ರ. ಪಿಂಚಣಿ ಎಷ್ಟು ಎಂಬುದನ್ನು ಸೂತ್ರವೊಂದು ತೀರ್ಮಾನಿಸುತ್ತದೆ: ಪಿಂಚಣಿಗೆ ಅರ್ಹವಾದ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಆ ಸಂಬಳ ಎಂದರೆ ಕೊನೆಯ 60 ತಿಂಗಳ ಸರಾಸರಿ, ಅದೂ ಮಿತಿಯೊಳಗೆ.

ಮಿತಿಯ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಮ್ಮ ವಯಸ್ಸಿನವರಿಗೆ ಹೊಡೆತ ಬೀಳುವುದು ಇಲ್ಲೇ. 2014ರ ಸೆಪ್ಟೆಂಬರ್ 1ರಿಂದ ಸಂಬಳದ ಮಿತಿ 15,000 ರೂಪಾಯಿ. ಅದಕ್ಕೆ ಮೊದಲು 6,500. ಈಗ ನಿವೃತ್ತರಾದರೂ 2014ರ ಆಗಸ್ಟ್‌ವರೆಗಿನ ಸೇವೆಯನ್ನು 6,500ರ ಮಿತಿಯಲ್ಲಿ, ನಂತರದ ಸೇವೆಯನ್ನು 15,000ದ ಮಿತಿಯಲ್ಲಿ ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತಾರೆ. ನಾನು ಮೊದಲು ದಾವಣಗೆರೆ ಕಡೆಯ ಒಂದು ನೂಲಿನ ಗಿರಣಿಯಲ್ಲಿದ್ದೆ. 1999ರಲ್ಲಿ ಅಲ್ಲಿಯೇ ಪಿಎಫ್ ಶುರುವಾಯಿತು. 2024ರಲ್ಲಿ 58 ತುಂಬುವಾಗ ಹಳೆಯ ಮಿತಿಯಲ್ಲಿ ಸುಮಾರು 15 ವರ್ಷ, ಹೊಸ ಮಿತಿಯಲ್ಲಿ 10 ವರ್ಷ. ಮೊದಲ ಭಾಗಕ್ಕೆ 1,393 ರೂಪಾಯಿ, ಎರಡನೆಯದಕ್ಕೆ 2,143. ಒಟ್ಟು 3,535ರ ಆಸುಪಾಸು. ಇಪ್ಪತ್ತು ವರ್ಷ ಸೇವೆ ಪೂರೈಸಿದವರಿಗೆ ಎರಡು ವರ್ಷವನ್ನು ಹೆಚ್ಚುವರಿಯಾಗಿ ಸೇರಿಸುತ್ತಾರೆ. ಅದನ್ನು ಕೂಡಿಸಿದ ಮೇಲೂ ಮೊತ್ತ ನಾಲ್ಕು ಸಾವಿರ ಮುಟ್ಟುವುದಿಲ್ಲ. ಇಪ್ಪತ್ತೈದು ವರ್ಷ ದುಡಿದವನಿಗೆ ಇದು ಸಾಲದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 2014ರಲ್ಲಿ ನಿಗದಿಯಾದ 1,000 ರೂಪಾಯಿಯ ಕನಿಷ್ಠ ಪಿಂಚಣಿ ನಾನು ಅರ್ಜಿ ಹಾಕುವಾಗಲೂ ಅಷ್ಟೇ ಇತ್ತು. ಮೊತ್ತ ಚಿಕ್ಕದು, ನಿಜ. ಆದರೆ ಚಿಕ್ಕದೆಂಬ ಕಾರಣಕ್ಕೇ ಅದನ್ನು ಯಾವಾಗ ಪಡೆಯುತ್ತೇವೆ ಎಂಬುದು ಮುಖ್ಯವಾಗುತ್ತದೆ.

ಈಗ ಮುಂದೂಡುವ ಲೆಕ್ಕಕ್ಕೆ ಬರುತ್ತೇನೆ. ಹೆಚ್ಚುವರಿ ಎರಡು ವರ್ಷವನ್ನು ಬದಿಗಿಟ್ಟು, 3,535ನ್ನೇ ಹಿಡಿದು ನೋಡಿದೆ. ವಂತಿಗೆ ಕಟ್ಟದೆ ಒಂದು ವರ್ಷ ಕಾದರೆ ತಿಂಗಳಿಗೆ ಹೆಚ್ಚುವುದು 141 ರೂಪಾಯಿ. ಅದಕ್ಕಾಗಿ ಬಿಟ್ಟುಕೊಡುವುದು ಹನ್ನೆರಡು ತಿಂಗಳ ಪಿಂಚಣಿ, ಅಂದರೆ 42,420 ರೂಪಾಯಿ. ಬಿಟ್ಟ ಹಣ 141ರ ಕಂತಿನಲ್ಲಿ ಮರಳಿ ಬರಲು 300 ತಿಂಗಳು ಬೇಕು. ಇಪ್ಪತ್ತೈದು ವರ್ಷ. 59ಕ್ಕೆ ಶುರುವಾದರೆ 84ರ ವಯಸ್ಸಿನಲ್ಲಿ ಲೆಕ್ಕ ಸರಿಹೋಗುತ್ತದೆ. ಪಿಂಚಣಿ ಮೂರು ಸಾವಿರವಿರಲಿ, ಏಳು ಸಾವಿರವಿರಲಿ, ಈ ಇಪ್ಪತ್ತೈದು ವರ್ಷ ಬದಲಾಗುವುದಿಲ್ಲ, ಏಕೆಂದರೆ ಶೇ 4 ಎಂದರೆ ಇಪ್ಪತ್ತೈದರಲ್ಲಿ ಒಂದು ಪಾಲು. ಈ ಪಿಂಚಣಿಗೆ ತುಟ್ಟಿಭತ್ಯೆಯೂ ಇಲ್ಲ; ಇವತ್ತಿನ 3,535 ಇಪ್ಪತ್ತೈದು ವರ್ಷಗಳ ನಂತರ ಏನು ಕೊಳ್ಳುತ್ತದೆ ಎಂದು ಯೋಚಿಸಿದರೆ ಕಾಯುವುದಕ್ಕೆ ಇನ್ನಷ್ಟು ಹಿಂಜರಿಕೆಯಾಗುತ್ತದೆ.

ವಂತಿಗೆ ಕಟ್ಟುತ್ತಾ ಕಾದರೆ ಚಿತ್ರ ಬೇರೆ. ಒಂದು ವರ್ಷದ ಸೇವೆ ಹೆಚ್ಚಿದರೆ 15,000ವನ್ನು 70ರಿಂದ ಭಾಗಿಸಿದ 214 ರೂಪಾಯಿ ಸೇರುತ್ತದೆ, ಅದರ ಮೇಲೆ ಶೇ 4. ಒಟ್ಟು 3,899. ಹೆಚ್ಚಿದ್ದು 364. ಬಿಟ್ಟ 42,420 ರೂಪಾಯಿ ಹತ್ತು ವರ್ಷದೊಳಗೆ ಮರಳುತ್ತದೆ. ಕೇಳಲು ಹಿತವಾಗಿದೆ. ಆದರೆ ಇಲ್ಲಿ ಸುಲಭವಾಗಿ ಕಣ್ತಪ್ಪುವ ವಿಷಯವೊಂದಿದೆ. 58 ತುಂಬಿದ ಮೇಲೆ ಪಿಂಚಣಿ ನಿಧಿಯ ಸದಸ್ಯತ್ವ ಮುಗಿದರೆ ಮಾಲೀಕರ ಪೂರ್ತಿ ಶೇ 12 ನಮ್ಮ ಭವಿಷ್ಯ ನಿಧಿಗೇ ಬೀಳಬೇಕು. ವಂತಿಗೆ ಮುಂದುವರಿಸಿದರೆ ತಿಂಗಳಿಗೆ 1,250 ಅಲ್ಲಿಂದ ತಪ್ಪುತ್ತದೆ, ವರ್ಷಕ್ಕೆ 15,000. ಅದನ್ನೂ ಸೇರಿಸಿದರೆ ಹದಿಮೂರು ವರ್ಷ ಬೇಕು. 72 ವಯಸ್ಸು. ನಮ್ಮ ಮನೆಯಲ್ಲಿ ಆ ವಯಸ್ಸಿನವರೆಗೆ ಗಟ್ಟಿಯಾಗಿ ಬದುಕಿದವರು ಇದ್ದಾರೆ, ಬದುಕದವರೂ ಇದ್ದಾರೆ. ಅದನ್ನು ಯಾವ ಸೂತ್ರವೂ ಹೇಳಲಾರದು.

ನನ್ನ ತೀರ್ಮಾನವನ್ನು ಗಟ್ಟಿ ಮಾಡಿದ್ದು ಹೆಂಡತಿಯ ವಿಚಾರ. ಆಕೆಗೆ ಸ್ವಂತ ಆದಾಯವಿಲ್ಲ. ನಾನು ಪಿಂಚಣಿ ಪಡೆಯುತ್ತಿರುವಾಗ ತೀರಿಕೊಂಡರೆ ಆಕೆಗೆ ಸಿಗುವುದು ಅದರ ಅರ್ಧ. ಎಂದರೆ ಕಾದು ಹೆಚ್ಚಿಸಿಕೊಂಡ 141 ರೂಪಾಯಿ ಆಕೆಯ ಕೈ ಸೇರುವಾಗ 70 ಆಗಿರುತ್ತದೆ. ಅದರ ಬದಲು 58ರಿಂದಲೇ ಪಿಂಚಣಿ ಪಡೆದು, ಸಂಬಳ ಬರುತ್ತಿರುವ ಎರಡು ವರ್ಷ ಅದನ್ನು ಮುಟ್ಟದೆ ಆಕೆಯ ಹೆಸರಿನಲ್ಲಿ ಆರ್.ಡಿ. ಕಟ್ಟಿದರೆ, ಅದು ಪೂರ್ತಿ ಆಕೆಯದು. ಇಬ್ಬರೂ ಕುಳಿತು ಮಾತನಾಡಿದೆವು. ಆಕೆ ಕೇಳಿದ ಪ್ರಶ್ನೆಗಳು ಎಚ್‌ಆರ್ ವಿಭಾಗದವರು ಕೇಳಬೇಕಾಗಿದ್ದ ಪ್ರಶ್ನೆಗಳು. ದಂಪತಿಗಳು ಇದನ್ನು ಒಟ್ಟಿಗೇ ನಿರ್ಧರಿಸಬೇಕು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅರ್ಜಿಯಲ್ಲಿ ಇಬ್ಬರ ಜಂಟಿ ಫೋಟೊ ಕೇಳುವುದು ಸುಮ್ಮನೆ ಅಲ್ಲ.

ನಿರ್ಧಾರ ಮಾಡಿದ್ದು ಒಂದು ಭಾಗವಾದರೆ, ಅದನ್ನು ಕಾಗದಕ್ಕೆ ಇಳಿಸುವುದು ಅದಕ್ಕಿಂತ ದೊಡ್ಡ ಭಾಗ. ಪಿಂಚಣಿಯ ಅರ್ಜಿ ಫಾರಂ 10ಡಿ. ಅದನ್ನು ಯುಎಎನ್ (ಪ್ರತಿ ಪಿಎಫ್ ಸದಸ್ಯರಿಗೂ ಕೊಡುವ ಒಂದೇ ಖಾತೆ ಸಂಖ್ಯೆ) ಪೋರ್ಟಲ್‌ನಲ್ಲಿಯೇ ಹಾಕಬಹುದು. ಆದರೆ ಅರ್ಜಿಗೆ ಕೈಹಾಕುವ ಮೊದಲು ಅದೇ ಪೋರ್ಟಲ್‌ನಲ್ಲಿ ಸೇವಾ ವಿವರ ತೆರೆದು ನೋಡಿದೆ. ನೋಡಿದ್ದು ಬಹಳ ಒಳ್ಳೆಯದಾಯಿತು. ಹಳೆಯ ಗಿರಣಿಯ ದಾಖಲೆಯಲ್ಲಿ ನಾನು ಕೆಲಸ ಬಿಟ್ಟ ದಿನಾಂಕವೇ ಇರಲಿಲ್ಲ. ಹೆಸರಿನಲ್ಲಿ ಇನಿಶಿಯಲ್ ಮುಂದೆ ಇತ್ತು; ಆಧಾರ್‌ನಲ್ಲಿ ಅದು ವಿಸ್ತಾರಗೊಂಡು ತಂದೆಯ ಪೂರ್ತಿ ಹೆಸರಾಗಿ ಹಿಂದೆ ಕುಳಿತಿತ್ತು. ನಮ್ಮ ಕಡೆಯ ಹೆಸರುಗಳಿಗೆ ಇದು ತಪ್ಪದ ಕಷ್ಟ. ಊರಿನ ಹೆಸರು, ತಂದೆಯ ಹೆಸರು, ಎರಡೂ ಒಂದೊಂದು ಅಕ್ಷರವಾಗಿ ಒಂದು ಕಡೆ, ಬಿಡಿಸಿ ಬರೆದು ಇನ್ನೊಂದು ಕಡೆ. ಕಂಪ್ಯೂಟರ್‌ಗೆ ಅವು ಇಬ್ಬರು ಬೇರೆ ಬೇರೆ ಮನುಷ್ಯರು.

ಜನ್ಮದಿನಾಂಕದ್ದು ಇನ್ನೂ ಸೂಕ್ಷ್ಮ. ಗಿರಣಿಗೆ ಸೇರುವಾಗ ಅಲ್ಲಿನ ಗುಮಾಸ್ತರು ಬರೆದುಕೊಂಡ ವರ್ಷ ಸರಿಯಿತ್ತು, ತಿಂಗಳು ತಪ್ಪಿತ್ತು. 58 ಎಂಬುದನ್ನು ಯಾವ ದಿನದಿಂದ ಎಣಿಸುವುದು ಎಂದು ತೀರ್ಮಾನಿಸುವ ದಾಖಲೆ ಇದೇ ಆದ್ದರಿಂದ, ತಿಂಗಳು ತಪ್ಪಿದರೂ ತಪ್ಪೇ. ಆಧಾರ್ ತೋರಿಸಿದರೆ ಸಾಕು ಎಂದು ಯಾರೋ ಹೇಳಿದರು. 2024ರ ಜನವರಿಯಿಂದ ಭವಿಷ್ಯ ನಿಧಿಯಲ್ಲಿ ಜನ್ಮದಿನಾಂಕದ ಪುರಾವೆಯಾಗಿ ಆಧಾರ್ ನಡೆಯುವುದಿಲ್ಲ. ಎಸ್ಎಸ್ಎಲ್‌ಸಿ ಅಂಕಪಟ್ಟಿ ಕೆಲಸಕ್ಕೆ ಬಂದಿತು. ಮನೆಯ ಹಳೆಯ ಟ್ರಂಕಿನಲ್ಲಿ ಅದನ್ನು ಜೋಪಾನವಾಗಿಟ್ಟಿದ್ದ ಅಮ್ಮನಿಗೆ ನಾನು ಎಷ್ಟು ಋಣಿಯೋ ಹೇಳಲಾರೆ. ಹೆಸರು, ಜನ್ಮದಿನಾಂಕಗಳ ತಿದ್ದುಪಡಿಗೆ ಮಾಲೀಕರು ಮತ್ತು ನೌಕರರು ಸೇರಿ ಸಲ್ಲಿಸುವ ಜಂಟಿ ಘೋಷಣೆ ಆಗ ಬೇಕಾಗಿತ್ತು. ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅಲ್ಲಿನ ಖಾತೆಯನ್ನು ಈಗಿನ ಖಾತೆಗೆ ವರ್ಗಾಯಿಸಿಕೊಂಡಿದ್ದೆನಾದ್ದರಿಂದ ಈಗಿನ ಕಾರ್ಖಾನೆಯ ಮೂಲಕವೇ ಕೆಲಸ ಮುಂದೆ ಹೋಯಿತು. ವರ್ಗಾಯಿಸಿಕೊಳ್ಳದೆ ಹಳೆಯ ಖಾತೆಗಳನ್ನು ಹಾಗೆಯೇ ಬಿಟ್ಟವರು ದಯವಿಟ್ಟು 58ರವರೆಗೆ ಕಾಯಬೇಡಿ. ನಲವತ್ತೈದರಲ್ಲೇ ಸೇವಾ ವಿವರ ತೆಗೆದು ನೋಡಿ. ಬಿಟ್ಟುಹೋದ ಪ್ರತಿ ವರ್ಷವೂ ಜೀವನಪೂರ್ತಿ ಪಿಂಚಣಿಯನ್ನು ಕಡಿಮೆ ಮಾಡುತ್ತದೆ. ಹತ್ತು ವರ್ಷದ ಗಡಿಯ ಹತ್ತಿರ ಇರುವವರಿಗಂತೂ ಅದು ಪಿಂಚಣಿ ಉಂಟೋ ಇಲ್ಲವೋ ಎಂಬುದನ್ನೇ ನಿರ್ಧರಿಸುತ್ತದೆ.

ಇನ್ನೊಂದು ತೊಡಕು ನನ್ನ ನಿರ್ಧಾರದಿಂದಲೇ ಹುಟ್ಟಿಕೊಂಡದ್ದು. 58 ತುಂಬಿದ ತಿಂಗಳ ನಂತರವೂ ಕಾರ್ಖಾನೆಯ ಸಂಬಳ ವಿಭಾಗ ಎಂದಿನಂತೆ 1,250 ರೂಪಾಯಿಯನ್ನು ಪಿಂಚಣಿ ನಿಧಿಗೆ ಕಳುಹಿಸುತ್ತಲೇ ಇತ್ತು. ಅವರ ಸಾಫ್ಟ್‌ವೇರ್‌ನಲ್ಲಿ ನಿವೃತ್ತಿ ವಯಸ್ಸು 60 ಎಂದು ನಮೂದಾಗಿತ್ತು. ಮುಂದೂಡುವ ಆಯ್ಕೆಯನ್ನು ನಾನು ಕೊಟ್ಟಿರಲಿಲ್ಲ, ಆದರೂ ದಾಖಲೆ ನೋಡಿದವರಿಗೆ ನಾನು ವಂತಿಗೆ ಕಟ್ಟುತ್ತಾ ಕಾಯುತ್ತಿರುವಂತೆ ಕಾಣುತ್ತಿತ್ತು. 10ಡಿ ಅರ್ಜಿ ವಾಪಸು ಬಂದದ್ದು ಇದೇ ಕಾರಣಕ್ಕೆ. ತಪ್ಪಾಗಿ ಹೋದ ಮೊತ್ತವನ್ನು ಭವಿಷ್ಯ ನಿಧಿಯ ಕಾಲಂಗೆ ಸರಿಪಡಿಸಿ ಮತ್ತೆ ಅರ್ಜಿ ಹಾಕಬೇಕಾಯಿತು. ಸಂಬಳ ವಿಭಾಗದ ಹುಡುಗಿಯೊಬ್ಬಳು ತಾಳ್ಮೆಯಿಂದ ತಿಂಗಳು ತಿಂಗಳಾಗಿ ಕಡತ ತೆಗೆದು ಸರಿಮಾಡಿದಳು. ಅವಳಿಗೂ ಇದು ಹೊಸ ವಿಷಯವೇ. ಒಮ್ಮೆ ಗೊತ್ತಾದ ಮೇಲೆ 58ಕ್ಕೆ ಹತ್ತಿರವಿರುವ ಎಲ್ಲರ ಪಟ್ಟಿಯನ್ನು ತಾನೇ ತಯಾರಿಸಿದಳು.

ಮರಳಿ ಹಾಕಿದ ಅರ್ಜಿ ಮಂಜೂರಾಗಿ ಪಿಂಚಣಿ ಪಾವತಿ ಆದೇಶದ ಸಂಖ್ಯೆ ಬಂದಿತು. 58 ತುಂಬಿದ ದಿನದಿಂದ ಲೆಕ್ಕ ಹಾಕಿ ಬಾಕಿಯನ್ನೂ ಸೇರಿಸಿಯೇ ಮೊದಲ ಕಂತು ಖಾತೆಗೆ ಬಿದ್ದಿತು. ಬ್ಯಾಂಕ್ ಶಾಖೆಯ ಚಿಂತೆ ಈಗ ಅಷ್ಟಿಲ್ಲ. 2025ರ ಜನವರಿಯಿಂದ ಕೇಂದ್ರೀಕೃತ ಪಾವತಿ ವ್ಯವಸ್ಥೆ ಇರುವುದರಿಂದ ಯಾವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಪಿಂಚಣಿ ಪಡೆಯಬಹುದು. ವರ್ಷಕ್ಕೊಮ್ಮೆ ಜೀವನ ಪ್ರಮಾಣ ಪತ್ರ ಕೊಡಬೇಕು. ಮೊಬೈಲ್‌ನಲ್ಲಿ ಮುಖ ತೋರಿಸಿ ಕೊಡುವ ವ್ಯವಸ್ಥೆಯಿದೆ. ನವೆಂಬರ್‌ಗೇ ಕಾಯಬೇಕಾಗಿಲ್ಲ, ಕೊಟ್ಟ ದಿನದಿಂದ ಒಂದು ವರ್ಷ ಅದು ನಡೆಯುತ್ತದೆ.

ಹೆಚ್ಚಿನ ಪಿಂಚಣಿಯ ಬಗ್ಗೆ ಕೆಲವರು ಕೇಳುತ್ತಾರೆ. 2022ರ ನವೆಂಬರ್ 4ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ಪೂರ್ತಿ ಸಂಬಳದ ಮೇಲೆ ಪಿಂಚಣಿ ಕೇಳಲು ಅರ್ಹರಿಗೆ ಜಂಟಿ ಆಯ್ಕೆ ಸಲ್ಲಿಸುವ ಅವಕಾಶ 2023ರ ಜುಲೈ 11ರವರೆಗೆ ಇತ್ತು. ನನ್ನ ಪಿಎಫ್ ವಂತಿಗೆ ಮೊದಲಿನಿಂದಲೂ ಮಿತಿಯೊಳಗೇ ಇದ್ದುದರಿಂದ ಆ ದಾರಿ ನನಗೆ ತೆರೆಯಲಿಲ್ಲ. ಅಲ್ಲಿಗೆ ಆ ಮಾತು ಬಿಟ್ಟೆ.

ಬೇಗ ಪಿಂಚಣಿ ಪಡೆದವರ ಬಗ್ಗೆಯೂ ಹೇಳಬೇಕು, ಏಕೆಂದರೆ ಅವರನ್ನು ದೂರುವವರು ಬಹಳ. ನಮ್ಮ ಘಟಕದಲ್ಲಿ ಒಂದು ವಿಭಾಗ ಮುಚ್ಚಿದಾಗ 51ರ ವಯಸ್ಸಿನ ಗೆಳೆಯರೊಬ್ಬರು ಕೆಲಸ ಕಳೆದುಕೊಂಡರು. ಅಲ್ಲಿಯವರೆಗಿನ ಸೇವೆಯನ್ನು ದಾಖಲಿಸಿ ಉಳಿಸಿಕೊಡುವ ಸ್ಕೀಮ್ ಸರ್ಟಿಫಿಕೇಟ್ ಪಡೆದು 58ರವರೆಗೆ ಕಾಯಬಹುದಾಗಿತ್ತು. ಅವರು ಆಗಲೇ ಪಿಂಚಣಿ ಕೇಳಿದರು. ಏಳು ವರ್ಷದ ಕಡಿತದಲ್ಲಿ ಸುಮಾರು ಕಾಲುಭಾಗ ಹೋಯಿತು, ಮತ್ತು 58 ತುಂಬಿದರೂ ಅದು ಮರಳಿ ಏರುವುದಿಲ್ಲ. ಆದರೆ ಮಗಳ ಕೊನೆಯ ವರ್ಷದ ಓದು, ಮನೆಯ ಬಾಡಿಗೆ, ಬೇರೆ ಆದಾಯವಿಲ್ಲದ ತಿಂಗಳುಗಳು. ಆಗ ಸಿಗುವ ಎರಡು ಸಾವಿರ ರೂಪಾಯಿಗೆ ಇರುವ ಬೆಲೆ ಏಳು ವರ್ಷದ ನಂತರದ ಮೂರು ಸಾವಿರಕ್ಕೆ ಇಲ್ಲ. ಅವರು ಮಾಡಿದ್ದು ಸರಿ ಎಂದೇ ನಾನು ಇವತ್ತಿಗೂ ಹೇಳುತ್ತೇನೆ. ಆ ದಾರಿ ಹಿಡಿಯುವವರಿಗೆ ತಿಳಿದಿರಬೇಕಾದ ಒಂದು ಮಾತಿದೆ: ಮತ್ತೆ ಕೆಲಸ ಸಿಕ್ಕಿದರೂ ಪಿಂಚಣಿ ಯೋಜನೆಗೆ ಮತ್ತೆ ಸೇರಲಾಗುವುದಿಲ್ಲ. ಅವರಿಗೆ ಮರುವರ್ಷ ಕೆಲಸ ಸಿಕ್ಕಿತು. ಅಲ್ಲಿ ಮಾಲೀಕರ ಪೂರ್ತಿ ಪಾಲು ಭವಿಷ್ಯ ನಿಧಿಗೆ ಹೋಗುತ್ತಿದೆ.

ಹಾಗೆಂದು 58ಕ್ಕೇ ಪಡೆಯುವುದು ಎಲ್ಲರಿಗೂ ಒಳ್ಳೆಯದು ಎಂದಲ್ಲ. ನನ್ನ ನಂತರ 58ಕ್ಕೆ ಬಂದವರು ಪ್ಯಾಕಿಂಗ್ ವಿಭಾಗದ ಒಬ್ಬ ಮಹಿಳೆ. ಗಂಡ ತೀರಿಕೊಂಡ ಮೇಲೆ ತಡವಾಗಿ ಕೆಲಸಕ್ಕೆ ಬಂದವರು. ಸೇರಿದಾಗ ಸಂಬಳ 15,000ಕ್ಕಿಂತ ಕಡಿಮೆ ಇದ್ದುದರಿಂದ ಪಿಂಚಣಿ ಯೋಜನೆಯಲ್ಲಿ ಸದಸ್ಯತ್ವ ಸಿಕ್ಕಿತ್ತು. ಸೇವೆ ಸರಿಯಾಗಿ ಹತ್ತು ವರ್ಷ, ಎಲ್ಲವೂ ಹೊಸ ಮಿತಿಯಲ್ಲಿ. ಊಟದ ಬಿಡುವಿನಲ್ಲಿ ಅವರ ಲೆಕ್ಕ ಹಾಕಿದೆವು. ಹತ್ತು ವರ್ಷಕ್ಕೆ 2,143 ರೂಪಾಯಿ. ವಂತಿಗೆ ಕಟ್ಟುತ್ತಾ ಒಂದು ವರ್ಷ ಕಾದರೆ 2,451. ಹೆಚ್ಚಿದ್ದು 308, ಎಂದರೆ ಒಂದೇ ವರ್ಷಕ್ಕೆ ಶೇ 14ಕ್ಕಿಂತ ಹೆಚ್ಚು. ಬಿಟ್ಟ ಪಿಂಚಣಿ ಏಳು ವರ್ಷದಲ್ಲಿ ಮರಳುತ್ತದೆ; ಭವಿಷ್ಯ ನಿಧಿಯಿಂದ ತಪ್ಪುವ 15,000 ಸೇರಿಸಿದರೂ ಹನ್ನೊಂದು ವರ್ಷ. ಸೇವೆ ಕಡಿಮೆ ಇದ್ದಷ್ಟೂ ಹೆಚ್ಚುವರಿಯಾಗಿ ಸೇರುವ ಒಂದು ವರ್ಷಕ್ಕೆ ತೂಕ ಹೆಚ್ಚು. ಅದೂ ಅಲ್ಲದೆ ಅವರ ತಾಯಿ ತೊಂಬತ್ತು ದಾಟಿ ಗಟ್ಟಿಯಾಗಿದ್ದಾರೆ, ಅವರ ಪಿಂಚಣಿಯನ್ನು ಅವಲಂಬಿಸಿದ ಇನ್ನೊಬ್ಬರು ಮನೆಯಲ್ಲಿಲ್ಲ, 60ರವರೆಗೆ ಸಂಬಳ ಬರುತ್ತದೆ. ನನಗೆ ಹೊಂದದ ಆಯ್ಕೆ ಅವರಿಗೆ ಚೆನ್ನಾಗಿ ಹೊಂದುತ್ತಿತ್ತು.

ಮೊದಲು ಅವರು ನನ್ನಂತೆಯೇ 58ಕ್ಕೆ ಅರ್ಜಿ ಹಾಕಲು ಹೊರಟಿದ್ದರು. ಲೆಕ್ಕ ನೋಡಿದ ಮೇಲೆ ವಂತಿಗೆ ಸಹಿತ 60ರವರೆಗೆ ಮುಂದೂಡುವ ಆಯ್ಕೆಯನ್ನು ಲಿಖಿತವಾಗಿ ಕೊಡಲು ತೀರ್ಮಾನಿಸಿದರು. 58 ತುಂಬುವ ಮೊದಲೇ ಅದನ್ನು ಸಂಬಳ ವಿಭಾಗಕ್ಕೆ ತಲುಪಿಸಿ, ಸ್ವೀಕೃತಿಯ ಸಹಿ ಮತ್ತು ಮೊಹರು ಹಾಕಿಸಿಕೊಂಡು, ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಂಡಿದ್ದಾರೆ.